ಹತ್ತಿರದ ಎಸೆತ, ದೂರದ ಎಸೆತ

1891ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವ್ಯಾಯಾಮಶಾಲೆಯೊಂದರಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿಸಿ, ತಮ್ಮ ವಿದ್ಯಾರ್ಥಿಗಳಿಗೆ ಹೊಸದೊಂದು ಆಟವನ್ನು ಕಲಿಸಿದರು. ಅದೇ ಇಂದು ಲೋಕಪ್ರಸಿದ್ಧವಾಗಿರುವ ಬ್ಯಾಸ್ಕೆಟ್‌ಬಾಲ್. ಕಾಲಕ್ರಮದಲ್ಲಿ ಬುಟ್ಟಿಯ ಸ್ಥಾನಕ್ಕೆ ಕಬ್ಬಿಣದ ಬಳೆಯೂ ಬಲೆಯೂ ಬಂದವು. ಹೆಸರು ಮತ್ತು ಎತ್ತರ ಮಾತ್ರ ಹಾಗೆಯೇ ಉಳಿದವು.

ಗುರಿಯು ಎತ್ತರದಲ್ಲಿರುವುದರಿಂದ, ಅದರ ಸಮೀಪದಲ್ಲಿ ನಿಂತ ನೀಳಕಾಯನಿಗೆ ಅನುಕೂಲ ಹೆಚ್ಚು. ಆದ್ದರಿಂದ ಎತ್ತರದ ಆಟಗಾರನೊಬ್ಬನನ್ನು ಬುಟ್ಟಿಯ ಬಳಿ ಇರಿಸಿ, ಚೆಂಡನ್ನು ಅವನಿಗೆ ತಲುಪಿಸುವುದು ಅಮೆರಿಕದ ಅನೇಕ ಕಾಲೇಜು ತಂಡಗಳ ಮುಖ್ಯ ತಂತ್ರವಾಗಿತ್ತು. ಇದನ್ನು ಒಳ ಆಟವೆನ್ನಬಹುದು. ಹತ್ತಿರದ ಎಸೆತ ಗುರಿ ತಪ್ಪುವುದು ಕಡಿಮೆ. ಅಡ್ಡ ಬಂದವರು ನಿಯಮ ಮೀರಿದರೆ, ಯಾರ ತಡೆಯೂ ಇಲ್ಲದೆ ಎಸೆಯುವ ಫ್ರೀ ಥ್ರೋ ಅವಕಾಶ ದೊರೆಯುತ್ತದೆ. ಆದರೆ ಎದುರಾಳಿಗಳೆಲ್ಲರೂ ಬುಟ್ಟಿಯ ಕೆಳಗೆ ಕೋಟೆಯಂತೆ ನೆರೆದರೆ, ಎಂತಹ ನೀಳಕಾಯನಾದರೂ ಕೈಕಾಲು ಆಡಿಸಲಾರ.

1986-87ರ ಕ್ರೀಡಾಋತುವಿನಲ್ಲಿ, ಕಾಲೇಜು ಕ್ರೀಡೆಗಳ ಆಡಳಿತ ನಡೆಸುವ ಎನ್‌ಸಿಎಎ ಸಂಸ್ಥೆಯು ದೇಶದ ಎಲ್ಲ ಪುರುಷ ತಂಡಗಳಿಗೂ ಹೊಸ ನಿಯಮವೊಂದನ್ನು ಜಾರಿಗೆ ತಂದಿತು. ಬುಟ್ಟಿಯಿಂದ 19 ಅಡಿ 9 ಅಂಗುಲ ದೂರದಲ್ಲಿ ಕಮಾನಿನಂತಹ ಗೆರೆಯನ್ನು ಎಳೆಯಲಾಯಿತು. ಗೆರೆಯ ಒಳಗಿನಿಂದ ಹಾಕಿದ ಬುಟ್ಟಿಗೆ ಎಂದಿನಂತೆ ಎರಡು ಅಂಕ. ಹೊರಗಿನಿಂದ ಹಾಕಿದುದಕ್ಕೆ ಮೂರು ಅಂಕ.

ಇದರ ಲೆಕ್ಕ ಸರಳವಾದುದು. ಹತ್ತಿರದಿಂದ 30 ಬಾರಿ ಎಸೆದು 15 ಬಾರಿ ಗುರಿ ಮುಟ್ಟಿಸಿದವನಿಗೆ 30 ಅಂಕಗಳು. ದೂರದಿಂದ 30 ಬಾರಿ ಎಸೆದವನು ಕೇವಲ 10 ಬಾರಿ ಗುರಿ ಮುಟ್ಟಿಸಿದರೂ ಅಷ್ಟೇ ಅಂಕಗಳು. ಹಾಗಾದರೆ ಎಲ್ಲರೂ ದೂರದಿಂದಲೇ ಏಕೆ ಎಸೆಯಬಾರದು? ಉತ್ತರವು ಲೆಕ್ಕದಲ್ಲಿಲ್ಲ, ಎದುರಾಳಿಯ ಬುದ್ಧಿಯಲ್ಲಿದೆ. ಎಸೆತ ದೂರದಿಂದಲೇ ಬರುವುದೆಂದು ತಿಳಿದೊಡನೆ ರಕ್ಷಕರು ಬುಟ್ಟಿಯನ್ನು ಬಿಟ್ಟು ಗೆರೆಯ ಬಳಿಗೆ ಧಾವಿಸುತ್ತಾರೆ. ಮುಖದೆದುರು ಕೈ ಚಾಚಿ ನಿಂತವನ ಮೇಲಿಂದ ಎಸೆದ ಚೆಂಡು ಗುರಿ ಸೇರುವುದು ಕಷ್ಟ. ಅಲ್ಲದೆ, ಕೈ ಸಾಧಿಸದ ದಿನಗಳು ಎಂತಹ ನಿಪುಣನಿಗೂ ಉಂಟು.

ಆದುದರಿಂದ ಜಾಣ ತಂಡವು ಎರಡನ್ನೂ ಹೊಂದಿಸುತ್ತದೆ. ಚೆಂಡು ಮೊದಲು ಒಳಗೆ ಹೋಗುತ್ತದೆ. ಅಲ್ಲಿರುವ ಆಟಗಾರನನ್ನು ತಡೆಯಲು ಇಬ್ಬರು ರಕ್ಷಕರು ಬಂದರೆ, ಹೊರಗೆ ಯಾರೋ ಒಬ್ಬ ಗೆಳೆಯನು ಒಂಟಿಯಾಗಿ ಉಳಿದನೆಂದೇ ಅರ್ಥ. ಚೆಂಡು ಅವನಿಗೆ ಸಲ್ಲುತ್ತದೆ. ಹೊರಗಿನವನಿಗೆ ಹೆದರಿ ರಕ್ಷಕರು ಗೆರೆಯ ಬಳಿ ಚದುರಿದರೆ ಒಳಗೆ ದಾರಿ ತೆರೆಯುತ್ತದೆ. ಒಳಗಿನ ಬಲವು ಹೊರಗಿನವನಿಗೆ ಬಿಡುವನ್ನೂ, ಹೊರಗಿನ ಗುರಿಕಾರಿಕೆಯು ಒಳಗಿನವನಿಗೆ ಸ್ಥಳವನ್ನೂ ದೊರಕಿಸಿಕೊಡುತ್ತವೆ. ಈ ಹೊಂದಾಣಿಕೆಯಿಲ್ಲದಿದ್ದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ಹೊಸ ನಿಯಮ ಬಂದ ಮೊದಲ ವರ್ಷದಲ್ಲಿಯೇ ಇದಕ್ಕೊಂದು ನಿದರ್ಶನ ದೊರೆಯಿತು. 1987ರ ಮಾರ್ಚ್ 30ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಇಂಡಿಯಾನಾ ಮತ್ತು ಸಿರಾಕ್ಯೂಸ್ ವಿಶ್ವವಿದ್ಯಾನಿಲಯಗಳ ತಂಡಗಳು ಎದುರಾದವು. ಇಂಡಿಯಾನಾದ ಶಿಕ್ಷಕ ಬಾಬ್ ನೈಟ್ ಅವರು ಮೂರಂಕದ ನಿಯಮವನ್ನು ಮೆಚ್ಚಿದವರಲ್ಲ. ಆದರೂ ಅವರ ತಂಡದ ಸ್ಟೀವ್ ಆಲ್ಫರ್ಡ್ ಅಂದು ದೂರದಿಂದ ಎಸೆದ ಹತ್ತರಲ್ಲಿ ಏಳು ಎಸೆತಗಳನ್ನು ಗುರಿ ಮುಟ್ಟಿಸಿದರು. ಕೊನೆಯ ಗಳಿಗೆಯಲ್ಲಿ ಇಂಡಿಯಾನಾ 72-73ರಿಂದ ಹಿಂದಿತ್ತು. ಸಹಜವಾಗಿಯೇ ಎದುರಾಳಿಗಳು ಆಲ್ಫರ್ಡ್ ಅವರ ಮೇಲೆ ಕಣ್ಣಿಟ್ಟರು. ಚೆಂಡು ಬುಟ್ಟಿಯ ಸಮೀಪದಲ್ಲಿದ್ದ ಡೆರಿಲ್ ಥಾಮಸ್ ಅವರ ಕೈ ಸೇರಿತು. ರಕ್ಷಕನು ಅಡ್ಡ ನಿಂತಿದ್ದನು. ಥಾಮಸ್ ಹಟದಿಂದ ಎಸೆಯಲಿಲ್ಲ; ಚೆಂಡನ್ನು ಕೀತ್ ಸ್ಮಾರ್ಟ್ ಅವರಿಗೆ ನೀಡಿದರು. ಸ್ಮಾರ್ಟ್ ಮೂರಂಕದ ಗೆರೆಯೊಳಗಿನಿಂದ ಎಸೆದ ಚೆಂಡು ಬುಟ್ಟಿಯನ್ನು ಸೇರಿತು. ಇಂಡಿಯಾನಾ 74-73ರಿಂದ ಗೆದ್ದಿತು. ಎಸೆದವರು ಒಬ್ಬರು, ಆ ಎಸೆತಕ್ಕೆ ಎಡೆ ಮಾಡಿಕೊಟ್ಟವರು ಇನ್ನಿಬ್ಬರು.

ಮುಂದೆ ದೂರದ ಎಸೆತದ ಮೋಹ ಬೆಳೆದಂತೆ ಗೆರೆಯೂ ಹಿಂದೆ ಸರಿಯಿತು. ಪುರುಷರ ಆಟದಲ್ಲಿ ಅದು 2008-09ರಲ್ಲಿ 20 ಅಡಿ 9 ಅಂಗುಲಕ್ಕೂ, 2019-20ರಿಂದ ಪ್ರಮುಖ ತಂಡಗಳಿಗೆ 22 ಅಡಿಗಿಂತ ತುಸು ಹೆಚ್ಚಿಗೂ ಏರಿತು. ದೂರದ ಎಸೆತವನ್ನು ಉಳಿಸಿಕೊಂಡೇ ಅದರ ಅತಿರೇಕವನ್ನು ತಡೆಯುವುದು ನಿಯಮ ರೂಪಿಸಿದವರ ಉದ್ದೇಶವಾಗಿತ್ತು.

ಸಮತೋಲನವೆಂದರೆ ಎರಡು ಬಗೆಯ ಎಸೆತಗಳನ್ನು ಸರಿಸಮವಾಗಿ ಎಣಿಸುವುದಲ್ಲ. ಎದುರಾಳಿಯು ಯಾವ ಬಾಗಿಲನ್ನು ಮುಚ್ಚಿದ್ದಾನೆ, ಯಾವುದನ್ನು ತೆರೆದಿದ್ದಾನೆ ಎಂಬುದನ್ನು ಅರಿತು, ತೆರೆದ ಬಾಗಿಲ ಬಳಿ ನಿಂತಿರುವ ಗೆಳೆಯನಿಗೆ ಚೆಂಡನ್ನು ಒಪ್ಪಿಸುವುದು. ಅದಕ್ಕೆ ಗುರಿಯ ಅಭ್ಯಾಸದಷ್ಟೇ ಮನಸ್ಸಿನ ಔದಾರ್ಯವೂ ಬೇಕು.