ಕಣ್ಣಿಗೆ ತಕ್ಕ ಅಕ್ಷರ

ನವಲಗುಂದ ತಾಲ್ಲೂಕಿನ ಮೊರಬದಂತಹ ಊರುಗಳಲ್ಲಿಯೂ ಓದು ಈಗ ಕಾಗದಕ್ಕೆ ಮಾತ್ರ ಸೀಮಿತವಲ್ಲ. ಹತ್ತಿ, ಕಡಲೆಯ ಧಾರಣೆಯಿಂದ ಹಿಡಿದು ಕಥೆ, ಕಾದಂಬರಿಯವರೆಗೆ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತವೆ. ಪಟ್ಟಣ ಸೇರಿದ ಮಕ್ಕಳು ಇ-ರೀಡರ್ ತಂದುಕೊಡುವುದೂ ಉಂಟು. ಆದರೆ ಮನೆಯ ಹಿರಿಯರು ಹತ್ತು ನಿಮಿಷ ಓದಿ, ಕಣ್ಣುಜ್ಜಿಕೊಂಡು, 'ನನ್ನ ಕಣ್ಣು ಹೋದವು, ಇನ್ನು ಓದು ಸಾಕು' ಎಂದು ಅದನ್ನು ಬದಿಗಿಟ್ಟುಬಿಡುತ್ತಾರೆ. ತಪ್ಪು ಯಾವಾಗಲೂ ಕಣ್ಣಿನದಲ್ಲ. ಅನೇಕ ವೇಳೆ ಪುಟದ್ದು.

ನಲವತ್ತು ವರ್ಷದ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದೇ ಚಾಳೀಸು. ಇದು ರೋಗವಲ್ಲ; ಸರಿಯಾದ ಕನ್ನಡಕದಿಂದ ಸರಿಹೋಗುತ್ತದೆ. ಇನ್ನೊಂದು ಕಾರಣ, ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಆಗ ಕಣ್ಣಿನ ತೇವ ಆರಿ ಉರಿ, ತುರಿಕೆ ಕಾಣಿಸಿಕೊಳ್ಳುತ್ತವೆ. ಇದರಿಂದ ಕಣ್ಣು ದಣಿಯುತ್ತದೆಯೇ ಹೊರತು ಕೆಡುವುದಿಲ್ಲ.

ಕನ್ನಡ ಲಿಪಿಗೆ ಅದರದೇ ಅಗತ್ಯಗಳಿವೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರ ಸಣ್ಣದಾಗಿ, ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ಆಗ 'ಕಟು' ಯಾವುದು, 'ಕಟ್ಟು' ಯಾವುದು ಎಂದು ಕಣ್ಣು ತಡವರಿಸುತ್ತದೆ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿ.

1. ಪುಸ್ತಕ ಹಿಡಿಯುವಂತೆ ಸುಮಾರು 40 ಸೆಂ.ಮೀ. ದೂರದಲ್ಲಿ ಹಿಡಿದು, ಕಣ್ಣು ಕಿರಿದು ಮಾಡದೆ ಓದುವಷ್ಟು ಅಕ್ಷರ ದೊಡ್ಡದು ಮಾಡಿ.

2. ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಅಂತರಜಾಲ ಪುಟಗಳು ಎಲ್ಲರಿಗೂ ಓದಲು ಸುಲಭವಾಗಲೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಉನ್ನತ ಹಂತದಲ್ಲಿ ಒಂದೂವರೆ ಪಟ್ಟು ಅಂತರವನ್ನು ಹೇಳಿದೆ. ಒತ್ತಕ್ಷರಗಳಿರುವ ಕನ್ನಡಕ್ಕಂತೂ ಇದು ಬೇಕೇ ಬೇಕು.

3. ಪುಟ ಹಿಗ್ಗಿಸಿದಾಗ ಸಾಲು ಪರದೆಯಾಚೆ ಹೋದರೆ ಬ್ರೌಸರಿನ ರೀಡರ್ ಮೋಡ್ ಬಳಸಿ. ಜಾಹೀರಾತು, ಚಿತ್ರಗಳು ಸರಿದು ಬರಹ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಪುಸ್ತಕವಾದರೆ ಪಿಡಿಎಫ್‌ಗಿಂತ ಇ-ಪಬ್ ಒಳ್ಳೆಯದು. ಅದರಲ್ಲಿ ಅಕ್ಷರ ದೊಡ್ಡದಾದಂತೆ ಸಾಲು ತಾನಾಗಿ ಮುರಿದುಕೊಳ್ಳುತ್ತದೆ.

4. ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಹೆಚ್ಚಿನವರಿಗೆ ಹಿತ. ಮೊಬೈಲಿನ ಬೆಳಕು ಕೋಣೆಯ ಬೆಳಕಿಗೆ ಹೊಂದುವಂತಿರಲಿ. ಇ-ಇಂಕ್ ಪರದೆಯು ಕಾಗದದಂತೆ ಹೊರಗಿನ ಬೆಳಕಿನಲ್ಲಿ ಕಾಣುವಂಥದು. ಅದರ ದೀಪ ಹಚ್ಚದೆ ಓದುವಾಗ ಹೆಗಲ ಹಿಂದಿನಿಂದ ಒಳ್ಳೆಯ ಬೆಳಕು ಬೀಳಲಿ.

5. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಅಂಗಳದಾಚೆಯ ಬೇವಿನ ಮರವಾದರೂ ಆದೀತು. ನೀಲಿ ಬೆಳಕು ತಡೆಯುವ ದುಬಾರಿ ಕನ್ನಡಕ ಇದಕ್ಕೆ ಅಗತ್ಯವಿಲ್ಲ.

ಇಷ್ಟು ಮಾಡಿದ ಮೇಲೂ ಅಕ್ಷರ ಮಸುಕಾಗಿಯೇ ಇದ್ದರೆ ಅಕ್ಷರವನ್ನು ಇನ್ನೂ ಹಿಗ್ಗಿಸುತ್ತಾ ಕೂರಬೇಡಿ. ಕಣ್ಣಿನ ಪೊರೆ, ಸಿಹಿಮೂತ್ರದಿಂದ ಅಕ್ಷಿಪಟಲಕ್ಕಾಗುವ ಹಾನಿ ಇವೆಲ್ಲ ನೋವಿಲ್ಲದೆಯೇ ಬರುತ್ತವೆ. ಸಂತೆಯಲ್ಲಿ ಕೊಂಡ ಕನ್ನಡಕ ಇವನ್ನು ಪತ್ತೆ ಮಾಡಲಾರದು. ಸಿಹಿಮೂತ್ರವಿರುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ದೃಷ್ಟಿ ಹಠಾತ್ತಾಗಿ ಕುಂದಿದರೆ, ನೇರ ಗೆರೆ ಡೊಂಕಾಗಿ ಕಂಡರೆ, ಕಣ್ಣಲ್ಲಿ ಮಿಂಚು ಹೊಡೆದಂತಾದರೆ ಅಂದೇ ನೇತ್ರತಜ್ಞರ ಬಳಿ ಹೋಗಿ.

ಅಕ್ಷರ ದೊಡ್ಡದು ಮಾಡಲು ಮನೆಯ ಮಕ್ಕಳಿಗೆ ಎರಡು ನಿಮಿಷ ಸಾಕು. ಇಂದೇ ಅಜ್ಜ, ಅಜ್ಜಿಯರ ಪಕ್ಕ ಕುಳಿತು, ಅವರಿಗೆ ಯಾವ ಗಾತ್ರ ಹಿತವೆಂದು ಕೇಳಿ ಹೊಂದಿಸಿ ಕೊಡಿ. ನಿಂತುಹೋದ ಓದು ಮತ್ತೆ ಮುಂದುವರಿಯಬಹುದು.