ಕೊಲೆಸ್ಟ್ರಾಲ್ ಮಾತ್ರೆಯಿಂದ ಮೈಕೈ ನೋವೇ? ನೀವಾಗಿಯೇ ನಿಲ್ಲಿಸಬೇಡಿ



ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಮೇಲೆ ಹಸು ಒಂದೆರಡು ದಿನ ಹಾಲು ಕಡಿಮೆ ಕೊಡಬಹುದು. ಹಾಗೆಂದು ಮುಂದಿನ ಸಲ ಲಸಿಕೆಯೇ ಬೇಡ ಎಂದರೆ ಇಡೀ ಕೊಟ್ಟಿಗೆಗೆ ಅಪಾಯ ಎಂಬುದು ನಿಮಗೆ ಗೊತ್ತು. ನಮ್ಮ ಮೈಯ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ಮೇಲೆ ತೊಡೆ ನೋವು ಬಂತೆಂದು ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ.

ಮಾತ್ರೆ ಮಾಡುವ ಕೆಲಸ

ಕೊಲೆಸ್ಟ್ರಾಲ್‌ಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್. ಇವು ಸ್ಟಾಟಿನ್ ಗುಂಪಿನ ಮಾತ್ರೆಗಳು. ನಮ್ಮ ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಸ್ಟಾಟಿನ್ ಆ ತಯಾರಿಕೆಯನ್ನು ತಗ್ಗಿಸಿ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಹೃದಯಾಘಾತ, ಪಾರ್ಶ್ವವಾಯು ಬರುವ ಸಾಧ್ಯತೆ ತಗ್ಗುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುವುದು ಸಾಮಾನ್ಯ. ಹೊರಗೆ ಕಾಣದ ಕೆಚ್ಚಲು ಬಾವಿನಂತೆ ಇದಕ್ಕೂ ಲಕ್ಷಣ ಇರುವುದಿಲ್ಲ. ಆದ್ದರಿಂದ ಮಾತ್ರೆ ಬಿಟ್ಟ ದಿನ ಏನೂ ಆಗಲಿಲ್ಲ ಎನಿಸುತ್ತದೆ. ನಷ್ಟ ತಿಳಿಯುವುದು ತಡವಾಗಿ.

ನೋವು ಮಾತ್ರೆಯದೋ, ಕೆಲಸದ್ದೋ?

ಮೊದಲು ಇದನ್ನು ಗಮನಿಸಿ. ಮಾತ್ರೆಯಿಂದ ಬರುವ ನೋವು ಸಾಮಾನ್ಯವಾಗಿ ಮಾಂಸಖಂಡದಲ್ಲಿ, ಎರಡೂ ಕಡೆ ಇರುತ್ತದೆ: ಎರಡೂ ತೊಡೆ, ಎರಡೂ ಮೀನಖಂಡ, ಸೊಂಟದ ಸುತ್ತ, ಎರಡೂ ಭುಜ. ಹೆಚ್ಚಾಗಿ ಮಾತ್ರೆ ಶುರು ಮಾಡಿದ ಅಥವಾ ಪ್ರಮಾಣ ಏರಿಸಿದ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಮಂಡಿ, ಹಾಲು ಕರೆಯುವ ಕೈಯ ಮಣಿಕಟ್ಟು, ಹುಲ್ಲಿನ ಹೊರೆ ಹೊತ್ತ ಮರುದಿನದ ಬೆನ್ನು ನೋವು ಇವು ಬಹುಮಟ್ಟಿಗೆ ದುಡಿಮೆಯ ನೋವುಗಳು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಜ್ಞರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದಲ್ಲಿ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು; ಕೆಲವು ತಿಂಗಳು ಯಾವ ಮಾತ್ರೆಯೂ ಇರಲಿಲ್ಲ. ಯಾವ ಡಬ್ಬಿಯಲ್ಲಿ ಯಾವ ಮಾತ್ರೆ ಎಂದು ಅವರಿಗೆ ತಿಳಿದಿರಲಿಲ್ಲ. ನಿಜವಾದ ಮಾತ್ರೆಯಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳು ಎಂದು ಇದರ ಅರ್ಥವಲ್ಲ, ನೋವು ನಿಜವೇ. ಆದರೆ ಅದಕ್ಕೆ ಕಾರಣ ಔಷಧವೇ ಎಂದು ನಾವೇ ತೀರ್ಮಾನಿಸುವಂತಿಲ್ಲ. ಫಲಿತಾಂಶ ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಶುರು ಮಾಡಿದರು.

ನೀವು ಮಾಡಬೇಕಾದ್ದು

1. ಹಾಲಿನ ಲೆಕ್ಕ ಬರೆದಂತೆ ನೋವಿನ ಲೆಕ್ಕವನ್ನೂ ಎರಡು ವಾರ ಬರೆಯಿರಿ: ದಿನಾಂಕ, ಎಲ್ಲಿ ನೋವು, ಆ ದಿನ ಏನು ಕೆಲಸ ಮಾಡಿದಿರಿ. ವೈದ್ಯರ ಬಳಿ ಹೋಗುವಾಗ ಆ ಪುಸ್ತಕ ಜೊತೆಗಿರಲಿ. ನೋವು ಜೋರಾಗಿದ್ದರೆ ಎರಡು ವಾರ ಕಾಯಬೇಡಿ.

2. ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ವೈದ್ಯರು ಸಿಕೆ ಎಂಬ ರಕ್ತ ಪರೀಕ್ಷೆ ಬರೆಯಬಹುದು. ಹಿಂದಿನ ದಿನ ಹೊರೆ ಹೊತ್ತಿದ್ದರೆ, ಗೊಬ್ಬರ ಎತ್ತಿದ್ದರೆ ಅದರಿಂದಲೇ ಸಿಕೆ ಏರಬಹುದು. ಮರೆಯದೆ ಹೇಳಿ.

3. ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಮೈಕೈ ನೋವೂ ಬರುತ್ತದೆ. ಇದು ಹೆಣ್ಣುಮಕ್ಕಳಲ್ಲೇ ಹೆಚ್ಚು.

4. ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳನ್ನೂ ತೋರಿಸಿ, ನಾಟಿ ಔಷಧಿಯೂ ಸೇರಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್, ಹುಳುಕಡ್ಡಿಗೆ ನುಂಗುವ ಇಟ್ರಾಕೊನಜೋಲ್ ಮಾತ್ರೆ ಇವು ಕೆಲವು ಸ್ಟಾಟಿನ್‌ಗಳ ಅಂಶವನ್ನು ರಕ್ತದಲ್ಲಿ ಏರಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣಿಗೂ ಈ ಗುಣವಿದೆ. ಚಕ್ಕೋತ ಅದೇ ಜಾತಿಗೆ ಹತ್ತಿರದ್ದು. ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುವವರು ಅದನ್ನು ಹೆಚ್ಚು ತಿನ್ನುವ ಮೊದಲು ವೈದ್ಯರನ್ನು ಕೇಳಿ.

5. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಬೇಡಿ. ಹೊಟ್ಟೆಗೂ ಕಿಡ್ನಿಗೂ ಅದು ಕೇಡು.

ಮಾತ್ರೆಯೇ ಕಾರಣವಾದರೂ ದಾರಿಗಳಿವೆ. ವೈದ್ಯರು ಪ್ರಮಾಣ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಕೆಲವರಿಗೆ ದಿನ ಬಿಟ್ಟು ದಿನ ಕೊಡಬಹುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆ ಸೇರಿಸಬಹುದು. ಕೆಲವು ವಾರ ನಿಲ್ಲಿಸಿ ನೋಡೋಣ ಎಂದೂ ಹೇಳಬಹುದು. ಆದರೆ ಅದು ಅವರ ಲೆಕ್ಕದಲ್ಲಿ ಆಗಬೇಕು.

ಹೊಟ್ಟೆ ಉಬ್ಬರ, ಮಲಬದ್ಧತೆ ಕೆಲವರಿಗೆ ಶುರುವಿನಲ್ಲಿ ಕಾಣಿಸುತ್ತದೆ. ಬಹಳಷ್ಟು ಸಲ ತಾನೇ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ರಕ್ತದ ಸಕ್ಕರೆ ಸ್ವಲ್ಪ ಏರಬಹುದು, ಆಗಾಗ ಪರೀಕ್ಷಿಸಿಕೊಳ್ಳಿ. ಅಂಥವರಿಗೂ ಹೃದಯಕ್ಕೆ ಸಿಗುವ ರಕ್ಷಣೆಯೇ ದೊಡ್ಡದು.

ತಡ ಮಾಡಬಾರದ ಲಕ್ಷಣಗಳು

ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕುಳಿತಲ್ಲಿಂದ ಏಳಲಾರದಷ್ಟು ಸ್ನಾಯುಗಳು ಸೋತರೆ, ಜ್ವರದ ಜೊತೆ ತೀವ್ರ ಮೈನೋವು ಬಂದರೆ, ಕಣ್ಣು ಹಳದಿಯಾದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ. ಆದರೂ ಮನೆಯವರಿಗೆಲ್ಲ ತಿಳಿದಿರಲಿ. ಬಸಿರಾದರೆ, ಬಸಿರಾಗುವ ಯೋಚನೆ ಇದ್ದರೆ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಹಸುವಿನ ಮದ್ದಿನ ಪ್ರಮಾಣವನ್ನು ಪಶುವೈದ್ಯರನ್ನು ಕೇಳದೆ ನೀವು ಬದಲಿಸುವುದಿಲ್ಲ. ನಿಮ್ಮ ಮಾತ್ರೆಗೂ ಅದೇ ನಿಯಮ ಇರಲಿ. ಬೆಳಗಿನ ಹಾಲು ಡೇರಿಗೆ ಹಾಕಿ ಬರುವಾಗ ನೋವಿನ ಮಾತು ಬಂದರೆ ಗೆಳತಿಯರಿಗೂ ಇದನ್ನು ಹೇಳಿ.