ವ್ಯಾನಿನ ತಡವರಿಕೆ

ಎಂಜಿನ್ನಿನ ವಿಷಯವಾಗಿ ಮಾತನಾಡಲು ಇವರಿಗೇನು ಅಧಿಕಾರವೆಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಪಾಠ ಹೇಳಿದವನು ನಾನು, ಅಧಿಕಾರವೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ 1998ರ ಒಂದು ವ್ಯಾನು ಇದೆ. ಮಗಳ ಮದುವೆಯ ಜವಳಿ ಬಂದದ್ದು ಅದರಲ್ಲಿ. ತಾಯಿಯವರನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲಿಯೇ.

ಕಳೆದ ವರ್ಷ ಒಂದು ಸಂಜೆ ತುಮಕೂರಿನ ಹೊರಗೆ ಹೆದ್ದಾರಿಯನ್ನು ದಾಟಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಆಕೆಯ ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು. ಲಾರಿಯೊಂದು ದೂರದಲ್ಲಿ ಬರುತ್ತಿತ್ತು. ದಾಟಲು ಧಾರಾಳವಾಗಿ ಅವಕಾಶವಿತ್ತು. ಆಕ್ಸಿಲರೇಟರನ್ನು ಒತ್ತಿದೆ. ಮುಂದಕ್ಕೆ ನುಗ್ಗಬೇಕಾದ ವ್ಯಾನು ಒಮ್ಮೆ ಕುಗ್ಗಿ, ರಸ್ತೆಯ ನಡುವೆ ನಿಂತೇಬಿಡುವುದೋ ಎಂಬಂತಾಗಿ, ಆಮೇಲೆ ಹೊರಟಿತು. ಎಲ್ಲ ಸೇರಿ ಒಂದೆರಡು ಕ್ಷಣವಿದ್ದೀತು. ಆ ಲಾರಿಯ ಹಾರನ್ನು ಇನ್ನೂ ನನ್ನ ಕಿವಿಯಲ್ಲಿದೆ.

ಅದಕ್ಕೆ ಎರಡು ತಿಂಗಳ ಹಿಂದೆಯೇ ಈ ಲಕ್ಷಣ ಸಣ್ಣದಾಗಿ ಕಾಣಿಸಿಕೊಂಡಿತ್ತು. ಆಗ ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ಗು, ಅದರ ವೈರು, ಫಿಲ್ಟರುಗಳು ಎಲ್ಲವನ್ನೂ ಬದಲಾಯಿಸಿ ನಾಲ್ಕು ಸಾವಿರದ ಚಿಲ್ಲರೆ ಬಿಲ್ಲು ಕೊಟ್ಟಿದ್ದರು. ಏನನ್ನೂ ಕೇಳಿರಲಿಲ್ಲ. ನಾನೂ ಏನನ್ನೂ ಹೇಳಿರಲಿಲ್ಲ. ಹೆದ್ದಾರಿಯ ಪ್ರಸಂಗವನ್ನು ಕೇಳಿದ ಮೇಲೆ ಮಗ, "ಮಾರಿಬಿಡಿ ಅಪ್ಪ" ಎಂದ. ಹದಿನೈದು ವರ್ಷ ಮೀರಿದ ಗಾಡಿಗೆ ನೋಂದಣಿಯ ನವೀಕರಣ, ಹಸಿರು ತೆರಿಗೆ ಎಂದು ಬೇರೆ ತಾಪತ್ರಯಗಳೂ ಇರುವುದರಿಂದ ಅವನ ಮಾತು ತಪ್ಪೆನ್ನುವಂತಿರಲಿಲ್ಲ.

ಮಾರುವ ಮುಂಚೆ ಒಮ್ಮೆ ತೋರಿಸೋಣವೆಂದು ವಯಸ್ಸಾದ ಒಬ್ಬ ಮೆಕ್ಯಾನಿಕ್ಕನ ಬಳಿಗೆ ಹೋದೆ. ಆತ ಸೀಟನ್ನು ಎತ್ತಿ ಎಂಜಿನ್ನನ್ನು ನೋಡಲೇ ಇಲ್ಲ. "ಮಿಸ್ಸಿಂಗ್ ಹೊಡೀತದೋ, ಪಿಕಪ್ ಇಲ್ವೋ, ಮೇಷ್ಟ್ರೇ?" ಎಂದು ಕೇಳಿದ. ಎರಡೂ ಒಂದೇ ಎಂದು ತಿಳಿದಿದ್ದವನು ನಾನು. ಶಬ್ದಗಳ ಅರ್ಥಭೇದವನ್ನು ಜೀವನವಿಡೀ ಬೋಧಿಸಿದವನಿಗೆ ಸ್ವಲ್ಪ ನಾಚಿಕೆಯಾಯಿತು.

ಒಂದು ಸಿಲಿಂಡರು ತನ್ನ ಸರದಿ ಬಂದಾಗ ಉರಿಯದೆ ತಪ್ಪಿಸಿಕೊಂಡರೆ ಅದು ಮಿಸ್ಸಿಂಗು. ಪ್ರತಿಯೊಂದು ಪಾದದಲ್ಲೂ ಒಂದೇ ಸ್ಥಳದಲ್ಲಿ ಗಣ ತಪ್ಪುವ ಪದ್ಯದಂತೆ, ಗಾಡಿ ನಿಂತಿದ್ದಾಗಲೂ ಈ ತಪ್ಪು ಕೇಳಿಸುತ್ತದೆ. ಅಂಥಲ್ಲಿ ಮೊದಲು ಸಂಶಯಿಸಬೇಕಾದದ್ದು ಪ್ಲಗ್ಗು, ವೈರುಗಳನ್ನು. ನಿಂತಾಗ ಸರಿಯಾಗಿದ್ದು, ದೀರ್ಘವಾದ ಏರಿನಲ್ಲಿ ಅಥವಾ ಬಹಳ ಹೊತ್ತು ವೇಗವಾಗಿ ಓಡಿದಾಗ ಸೊರಗಿದರೆ ಪೆಟ್ರೋಲು ಸಾಲದಾಗಿದೆ ಎಂದು ಊಹಿಸಬಹುದು. ಫಿಲ್ಟರು ಕಟ್ಟಿರಬಹುದು, ಪಂಪು ದುರ್ಬಲವಾಗಿರಬಹುದು. ಇವು ಯಾವುವೂ ಇಲ್ಲದೆ, ಆಕ್ಸಿಲರೇಟರನ್ನು ಥಟ್ಟನೆ ಒತ್ತಿದ ಕ್ಷಣದಲ್ಲಿ ಮಾತ್ರ ತಡವರಿಸಿದರೆ?

"ಮೆಲ್ಲಗೆ ಒತ್ತಿದ್ರೂ ಹಂಗೇ ಮಾಡ್ತದಾ?" ಎಂದು ಆತ ಕೇಳಿದ. ಇಲ್ಲ, ಮೆಲ್ಲಗೆ ಒತ್ತಿದರೆ ಸರಿಯಾಗಿ ಹೋಗುತ್ತದೆ. ರೋಗ ಅಲ್ಲಿಗೇ ಗೊತ್ತಾಯಿತು.

ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಈ ಪ್ರಮಾಣವನ್ನು ಹೊಂದಿಸುವುದು ಕಾರ್ಬುರೇಟರಿನ ಕೆಲಸ. ಅದರ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ; ಆ ಸೆಳೆತಕ್ಕೆ ಪೆಟ್ರೋಲು ಸಣ್ಣ ರಂಧ್ರದಿಂದ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಈಗ ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಿರೆನ್ನಿ. ಗಾಳಿ ಹಗುರ, ಕೂಡಲೇ ಒಳನುಗ್ಗುತ್ತದೆ. ಪೆಟ್ರೋಲು ಭಾರ, ಹಿಂದೆ ಬೀಳುತ್ತದೆ. ಕ್ಷಣಕಾಲ ಎಂಜಿನ್ನಿಗೆ ದೊರೆಯುವುದು ಬಹುಪಾಲು ಬರಿಯ ಗಾಳಿ. ಈ ಕೊರತೆಯನ್ನು ತುಂಬಲೆಂದೇ ಕಾರ್ಬುರೇಟರಿನ ಪಕ್ಕದಲ್ಲಿ ಆಕ್ಸಿಲರೇಟರ್ ಪಂಪ್ ಎಂಬ ಪುಟ್ಟ ಏರ್ಪಾಡಿದೆ. ಪೆಡಲ್ಲನ್ನು ಒತ್ತಿದೊಡನೆ ರಬ್ಬರಿನ ಒಂದು ತೆಳುಪೊರೆ ಬಾಗಿ, ಪಿಚಕಾರಿಯಂತೆ ಒಂದಿಷ್ಟು ಪೆಟ್ರೋಲನ್ನು ಹೆಚ್ಚಾಗಿ ಎರಚುತ್ತದೆ. ಪೊರೆ ಹರಿದರೆ ಆ ಎರಚು ಇಲ್ಲ.

ಪರೀಕ್ಷೆ ಬಹಳ ಸುಲಭ. ಎಂಜಿನ್ನನ್ನು ನಿಲ್ಲಿಸಿ, ತಣ್ಣಗಾದ ಮೇಲೆ (ಬೀಡಿ ಸೇದುವವರನ್ನು ದೂರ ಕಳುಹಿಸಿ) ಏರ್ ಫಿಲ್ಟರನ್ನು ಕಳಚಿ, ಥ್ರಾಟಲಿನ ಸರಳನ್ನು ಕೈಯಿಂದ ಎಳೆದು ಕೊರಳಿನೊಳಗೆ ನೋಡಬೇಕು. ಪೆಟ್ರೋಲಿನ ಎಳೆಯೊಂದು ಚುರುಕಾಗಿ ಹಾರಬೇಕು. ನಮ್ಮ ವ್ಯಾನಿನಲ್ಲಿ ಒಂದು ಹನಿ ಜಿನುಗಿತು, ಅಷ್ಟೆ.

ಈಚೆಗೆ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. 2025ರಿಂದ ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತಿರುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಒಂದು ತೂಕ ಎಥನಾಲಿಗೆ ಒಂಬತ್ತು ತೂಕ ಗಾಳಿ ಸಾಕು; ಬರಿಯ ಪೆಟ್ರೋಲಿಗೆಂದು ಕೊರೆದ ಹಳೆಯ ರಂಧ್ರಗಳಲ್ಲಿ ಮಿಶ್ರಣ ಮೊದಲಿಗಿಂತ ತುಸು ಬಡವಾಗುತ್ತದೆ. ಹಳೆಯ ಕಾಲದ ರಬ್ಬರು ಅದರಲ್ಲಿ ಊದಿಕೊಳ್ಳುವುದೂ, ಬಿರುಕು ಬಿಡುವುದೂ ಉಂಟು. ಕಾರ್ಬುರೇಟರಿಲ್ಲದ ಇಂಜೆಕ್ಷನ್ ಗಾಡಿಗಳಲ್ಲಿ ಪಂಪಿನ ಬದಲು ಸೆನ್ಸರುಗಳಿವೆ. ಅಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆಗಳು ಮಾತ್ರ ಇವೇ: ಯಾವಾಗ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮೆಲ್ಲಗೆ ಒತ್ತಿದಾಗಲೋ ಥಟ್ಟನೆ ಒತ್ತಿದಾಗಲೋ?

ಹೊಸ ಪೊರೆ, ಕೂಲಿ, ಎಲ್ಲ ಸೇರಿ ಎಂಟು ನೂರು ರೂಪಾಯಿಯಾಯಿತು. ಮಾರನೆಯ ದಿನ ಬೆಳಗಿನ ಜಾವ ನಾನೊಬ್ಬನೇ ಅದೇ ಹೆದ್ದಾರಿಗೆ ಹೋಗಿ, ರಸ್ತೆ ಎರಡೂ ಕಡೆ ಬರಿದಾಗುವ ತನಕ ಕಾದು, ಆಕ್ಸಿಲರೇಟರನ್ನು ಥಟ್ಟನೆ ಒತ್ತಿದೆ. ವ್ಯಾನು ತಡೆಯದೆ ದಾಟಿತು. ವ್ಯಾನನ್ನು ಮಾರಲಿಲ್ಲ. ನನ್ನ ಹೆಂಡತಿ ಮಾತ್ರ ಆ ಜಾಗ ಹತ್ತಿರ ಬಂದೊಡನೆ ಈಗಲೂ ಮೊಮ್ಮಗಳ ಕೈಯನ್ನು ಹಿಡಿದುಕೊಳ್ಳುತ್ತಾಳೆ.